ಡಯಲ್ ಮೇಲಿನ ಪೆನ್ಸಿಲ್ ಗೆರೆಗಳು

ಹಳೆ ಸಾಮಾನು ಅಂಗಡಿಗೆ ಬಂದ ಕೂಡಲೇ ಮೊದಲು ಒರೆಸಬೇಕು. ನಮ್ಮ ಧಂದೆಯ ಮೊದಲ ಪಾಠ ಇದು. ಧೂಳು ಕೂತ ಸಾಮಾನಿಗೆ ಗಿರಾಕಿ ಬೆಲೆ ಕಟ್ಟುತ್ತಾನೆ, ಹೊಳೆಯುವ ಸಾಮಾನಿಗೆ ನಾವು ಕಟ್ಟಬಹುದು. ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ಸೈಕಲ್ಲಿಗೆ ಬುಟ್ಟಿ ಕಟ್ಟಿಕೊಂಡು ಹಳೆ ಕಬ್ಬಿಣ, ರದ್ದಿ ಅಂತ ಕೂಗುತ್ತ ಶುರು ಮಾಡಿದವನು ನಾನು. ಇವತ್ತು ಕೊಪ್ಪಳದಿಂದ ಭಾಗ್ಯನಗರಕ್ಕೆ ಹೋಗುವ ರಸ್ತೆಯಲ್ಲಿ ಎರಡು ಶಟರಿನ ಸೆಕೆಂಡ್ ಹ್ಯಾಂಡ್ ಅಂಗಡಿ ಇದೆ. ಒರೆಸಿ ಒರೆಸಿಯೇ ಇಲ್ಲಿಗೆ ಬಂದೆ ಅಂದರೆ ಸುಳ್ಳಲ್ಲ. ಆದರೆ ಒಂದೇ ಒಂದು ಸಲ ಒರೆಸಬಾರದ್ದನ್ನು ಒರೆಸಿದೆ. ಅದು ಯಾರದಾಗಿತ್ತೋ ಆ ಮನುಷ್ಯ ಈಗ ಇಲ್ಲ. ಅವರ ಬಗ್ಗೆ ನಾಲ್ಕು ಮಾತು ಬರೆದಿಡಬೇಕು ಅನ್ನಿಸಿ ಕೂತಿದ್ದೇನೆ.

ಹೆಸರು ಬೇಡ. ಆಕಾಶದಲ್ಲಿ, ಅಂದರೆ ರೇಡಿಯೋದಲ್ಲಿ, ಅವರಿಗೆ ಅಕ್ಷರ, ಅಂಕಿ ಕೂಡಿಸಿ ಸರ್ಕಾರ ಕೊಟ್ಟ ಹೆಸರೊಂದಿತ್ತು. ಓಣಿಯವರು ಇಟ್ಟ ಹೆಸರು 'ವೈರ್ ಸಾಹೇಬ್ರು'. ಭಾಗ್ಯನಗರದ ಅವರ ಮನೆಯ ಮಾಳಿಗೆಯಿಂದ ಎದುರಿನ ಬೇವಿನ ಮರದ ತನಕ ರೇಡಿಯೋದ ಏರಿಯಲ್ಲಿಗೆ ಅಂತ ತಾಮ್ರದ ತಂತಿಯೊಂದನ್ನು ಎಳೆದಿದ್ದರು. ಹೊಸದಾಗಿ ಬಾಡಿಗೆಗೆ ಬಂದವರು ಅದನ್ನು ಬಟ್ಟೆ ಒಣಗಿಸುವ ಹಗ್ಗ ಅಂತ ತಿಳಿದು ಸೀರೆ ಹಾಕುತ್ತಿದ್ದರು. ಸಾಹೇಬರು ಬಯ್ಯುತ್ತಿರಲಿಲ್ಲ. ಸೀರೆ ಒಣಗುವ ತನಕ ಕಾಯುತ್ತಿದ್ದರು.

ಕಾಲುವೆ ಆಫೀಸಿನಲ್ಲಿ ವೈರ್‌ಲೆಸ್ ಆಪರೇಟರ್ ಆಗಿದ್ದು ರಿಟೈರ್ ಆದವರು. ಕಾಲುವೆಯಲ್ಲಿ ನೀರು ಎಷ್ಟು ಅಡಿ ಇದೆ ಅಂತ ದಿನಾ ಮುಂಜಾನೆ ಗಂಗಾವತಿಯಿಂದ ಕೆಳಗಿನ ತುದಿಗೆ ತಿಳಿಸುವುದು ಕೆಲಸ. ಅದು ಹೊಟ್ಟೆಪಾಡು. ಮನೆಯಲ್ಲಿ ಮಾಡುತ್ತಿದ್ದದ್ದು ಬೇರೆ, ಅದಕ್ಕೆ ಹ್ಯಾಮ್ ರೇಡಿಯೋ ಅನ್ನುತ್ತಾರೆ. ಪರೀಕ್ಷೆ ಪಾಸು ಮಾಡಿ, ಲೈಸೆನ್ಸ್ ತಗೊಂಡು, ತಾವೇ ಕಟ್ಟಿದ ಟ್ರಾನ್ಸ್‌ಮಿಟರ್‌ನಿಂದ ಪರವೂರಿನ, ಪರದೇಶದ ತಮ್ಮಂಥವರ ಜೊತೆ ಮಾತಾಡುವುದು. ಮಾತು ಅಂದರೆ ಮಾತೂ ಹೌದು, ಕೀಲಿ ಒತ್ತಿ ಕಳಿಸುವ ಮೋರ್ಸ್ ಸಂಕೇತದ ಟಿಕ್‌ಟಿಕ್ ಸದ್ದೂ ಹೌದು.

ಮೊದಲ ಸಲ ಅಂಗಡಿಗೆ ಬಂದದ್ದು ನೆನಪಿದೆ. ಕುಷ್ಟಗಿಯಿಂದ ತಂದ ಹಳೆ ರೇಡಿಯೋಗಳ ರಾಶಿ ಬಿದ್ದಿತ್ತು. ನಾನು ಗಿರಾಕಿಯ ಕೈ ನೋಡುವುದಿಲ್ಲ, ಕಣ್ಣು ನೋಡುತ್ತೇನೆ. ಬೇಕಾದ ಸಾಮಾನು ಕಂಡಾಗ ಕಣ್ಣು ಒಂದು ಚಣ ನಿಲ್ಲುತ್ತದೆ, ಅಲ್ಲಿಂದ ರೇಟು ಏರುತ್ತದೆ. ಇವರ ಕಣ್ಣು ಓದುವ ಕಷ್ಟವನ್ನೇ ಅವರು ನನಗೆ ಕೊಡಲಿಲ್ಲ.

"ಈ ರೇಡಿಯೋದಾಗ ನನಗ ಬೇಕಾದ್ದು ಸ್ಟೇಷನ್ ತಿರುವೋ ಈ ಗ್ಯಾಂಗ್ ಕಂಡೆನ್ಸರ್ ಒಂದ. ಭಾಳ ದಿನದಿಂದ ಹುಡಕ್ಲಿಕ್ಹತ್ತೀನಿ. ಎಲ್ಲೂ ಸಿಕ್ಕಿಲ್ಲ. ಏನ್ ಕೊಡ್ಲಿ?"

ಹೀಗೆ ಕೇಳುವ ಗಿರಾಕಿಯನ್ನು ದೇವರು ವರ್ಷಕ್ಕೊಮ್ಮೆ ಕಳಿಸುತ್ತಾನೆ. ನಾಲಿಗೆಗೆ ಬಂದಷ್ಟು ಹೇಳಿದೆ. ಕೊಟ್ಟರು. ಹೊರಡುವಾಗ ಇನ್ನೊಂದು ಮೂಲೆ ತೋರಿಸಿದರು.

"ಆ ಟ್ರಾನ್ಸ್‌ಫಾರ್ಮರ್ ತಾಮ್ರಕ್ಕಂತ ಒಡೀಬ್ಯಾಡ್ರಿ ಸಾವ್ಕಾರ್ರ. ಅದು ಛಲೋ ಐತಿ. ಹುಡಿಕ್ಯೊಂಡು ಬರೋರು ಅದಾರ."

ನಾನು ಅವತ್ತೇ ಸಂಜೆ ಅದನ್ನು ಒಡೆಯುವವನಿದ್ದೆ. ಇಟ್ಟುಕೊಂಡೆ. ಎರಡು ತಿಂಗಳಿಗೆ ಬಳ್ಳಾರಿಯಿಂದ ಒಬ್ಬರು ಬಂದು ಒಯ್ದರು. ತಮ್ಮಿಂದ ಹೆಚ್ಚು ಕಿತ್ತುಕೊಂಡವನಿಗೆ ಲಾಭದ ದಾರಿ ತೋರಿಸಿ ಹೋದ ಮನುಷ್ಯ ಎಂಥವನು ಅಂತ ಅವತ್ತು ರಾತ್ರಿ ಊಟ ಮಾಡುವಾಗ ಯೋಚಿಸಿದೆ. ಮುಂದಿನ ಸಲ ಬಂದಾಗ ಬೆಲೆ ತಾನಾಗಿಯೇ ಇಳಿಯಿತು. ಚೌಕಾಸಿ ಮಾಡದವರ ಜೊತೆ ವ್ಯಾಪಾರ ಬಲು ಕಷ್ಟ, ನಮ್ಮೊಳಗೆ ನಾವೇ ಎರಡೂ ಕಡೆ ಕೂತು ಚೌಕಾಸಿ ಮಾಡಬೇಕಾಗುತ್ತದೆ.

ಅವರಿಗೊಂದು ಅಭ್ಯಾಸವಿತ್ತು. ಎದುರಿನವರು ಮಾತಾಡುವಾಗ ನಡುವೆ ಬಾಯಿ ಹಾಕುತ್ತಿರಲಿಲ್ಲ. ನಿಮ್ಮ ಮಾತು ಮುಗಿದ ಮೇಲೂ ಒಂದು ಉಸಿರಿನಷ್ಟು ಸುಮ್ಮನಿರುತ್ತಿದ್ದರು, ಇನ್ನೇನಾದರೂ ಉಳಿದಿದೆಯೋ ಅಂತ. ಹ್ಯಾಮ್ ಸೆಟ್ಟಿನಲ್ಲಿ ಒಬ್ಬರು ಮಾತಾಡುವಾಗ ಇನ್ನೊಬ್ಬರು ಕೇಳಲೇಬೇಕು, ಇಬ್ಬರೂ ಒಟ್ಟಿಗೆ ಮಾತಾಡಿದರೆ ಯಾರದೂ ತಿಳಿಯುವುದಿಲ್ಲ. ಆ ಶಿಸ್ತು ಮೈಗೆ ಅಂಟಿತ್ತು. ಮೊಬೈಲಿನಲ್ಲಿಯೂ ಹಾಗೇ. ಲೈನ್ ಕಟ್ಟಾಯಿತು ಅಂತ ಜನ ಫೋನ್ ಇಟ್ಟುಬಿಡುತ್ತಿದ್ದರು. ವ್ಯಾಪಾರಕ್ಕೆ ನಿಂತವರಿಗೆ ಒಂದು ಮಾತು ಹೇಳುತ್ತೇನೆ: ಆ ಒಂದು ಉಸಿರಿನ ಸುಮ್ಮನಿರುವಿಕೆಯನ್ನು ಕಲಿಯಿರಿ. ನಾನು ಕಲಿತೆ. ಎದುರಿನವ ತಾನೇ ಎರಡನೇ ರೇಟು ಹೇಳಿಬಿಡುತ್ತಾನೆ. ಇದನ್ನು ಅವರಿಗೆ ಹೇಳಿದಾಗ ನಕ್ಕರು. "ನಾ ಕೇಳಾಕಂತ ಸುಮ್ನಿರ್ತೀನಿ. ನೀವು ಕೊಳ್ಳಾಕಂತ ಸುಮ್ನಿರ್ತೀರಿ. ಆದ್ರೂ ಸುಮ್ನಿರ್ತೀರಲ್ಲ, ಅದ ದೊಡ್ಡದು."

ಆರಾಮೇನ್ರಿ ಅಂತ ಕೇಳಿದರೆ ಅಂಕಿ ಹೇಳುತ್ತಿದ್ದರು. "ಐದು ಒಂಬತ್ತು." ಹ್ಯಾಮ್‌ಗಳು ಒಬ್ಬರಿಗೊಬ್ಬರು ಮೊದಲು ಕೊಡುವ ವರದಿ ಅದು. ಮೊದಲ ಅಂಕಿ ಮಾತು ಎಷ್ಟು ತಿಳಿಯುತ್ತದೆ ಅಂತ, ಎರಡನೆಯದು ದನಿ ಎಷ್ಟು ಜೋರಿದೆ ಅಂತ. ಐದು ಒಂಬತ್ತಕ್ಕಿಂತ ಮೇಲೆ ಇಲ್ಲ. ನೆಗಡಿ ಬಂದ ದಿನ ಐದು ಆರು ಆಗುತ್ತಿತ್ತು.

ಮನೆಯ ಮುಂದಿನ ಕೋಣೆಯ ಗೋಡೆ ತುಂಬ ಕಾರ್ಡುಗಳು. ಒಂದು ಸಲ ಯಾರ ಜೊತೆಗಾದರೂ ಮಾತಾದರೆ ಅವರು ತಮ್ಮ ಗುರುತಿನ ಕಾರ್ಡನ್ನು ಅಂಚೆಯಲ್ಲಿ ಕಳಿಸುವುದು ಪದ್ಧತಿ. ಜಪಾನಿನದು, ರಶಿಯಾದ್ದು, ಸಿಂಹಳದ್ದು, ಹೆಸರೇ ಕೇಳಿರದ ನಡುಗಡ್ಡೆಗಳದು. ಇಷ್ಟಾಗಿಯೂ ಅವರು ಹೈದರಾಬಾದಿನಿಂದ ಆಚೆ ಹೋದವರಲ್ಲ. ಅವರ ಮನೆಯವರು, ನಾನು ಅಮ್ಮಾರು ಅನ್ನುತ್ತಿದ್ದೆ, ಚಹಾ ತಂದಿಡುತ್ತ ಹೇಳುತ್ತಿದ್ದರು: "ಜಪಾನದಾಂವ ಏನ್ ಉಂಡ ಅಂತ ಇವರಿಗೆ ಗೊತ್ತಿರ್ತೈತ್ರಿ. ಮನ್ಯಾಗ ಏನ್ ಅಡಗಿ ಅಂದ್ರ ನನ್ನ ಮಾರಿ ನೋಡ್ತಾರ."

ನಾನೂ ಒಮ್ಮೆ ಕೇಳಿದ್ದೆ. "ಸರ, ಇದರಿಂದ ಲಾಭ ಏನ್ರಿ?"

ಉಸಿರಿನಷ್ಟು ಹೊತ್ತು ಬಿಟ್ಟು ಹೇಳಿದರು. "ಲಾಭ ಇದ್ದಿದ್ರ ನಿಮಗ ಗೊತ್ತಿರ್ತಿತ್ತಲ್ಲ ಸಾವ್ಕಾರ್ರ."

ಕೋಣೆಯ ಮೇಜಿನ ಮೇಲೆ ಎರಡು ಪೆಟ್ಟಿಗೆ. ಒಂದು, ಅವರೇ ಕಟ್ಟಿದ ಟ್ರಾನ್ಸ್‌ಮಿಟರ್. ಅಲ್ಯೂಮಿನಿಯಂ ತಗಡು, ಬಲ್ಬಿನಂತೆ ಕೆಂಪಗೆ ಉರಿಯುವ ವಾಲ್ವು, ಪೈಪಿನ ತುಂಡಿಗೆ ಸುತ್ತಿದ ತಂತಿ. ಬೆರಳ ತುದಿಯಷ್ಟರ ಒಂದು ಹರಳು ಅದರೊಳಗೆ, ಆ ಹರಳು ಎಲ್ಲಿ ಕುಣಿಯುತ್ತದೋ ಅಲ್ಲೇ ಸೆಟ್ಟಿನ ದನಿ, ಆಚೆ ಈಚೆ ಸರಿಯುವುದಿಲ್ಲ. ಅದಕ್ಕೊಂದು ಊನವಿತ್ತು. ಕೀಲಿ ಒತ್ತಿದಾಗ ಪ್ರತಿ ಸದ್ದಿನ ಶುರುವಿಗೆ ಗುಬ್ಬಿ ಚಿಂವ್ ಅಂದ ಹಾಗೆ ಸಣ್ಣಗೆ ಕೊಂಕುತ್ತಿತ್ತು. ರಿಪೇರಿ ಮಾಡ್ರಿ ಅಂದರೆ, "ಹೆಸರು ಹೇಳೂಕಿಂತ ಮೊದಲ ನಾ ಅಂತ ಎಲ್ಲಾರಿಗೂ ಗೊತ್ತಾಗ್ತೈತಿ, ಯಾಕ ಬಿಡ್ಲಿ" ಅನ್ನುತ್ತಿದ್ದರು. ಅವರ ಕೈಗೂ ಒಂದು ಗುರುತಿತ್ತು. ಕೊನೆಯ ಸದ್ದನ್ನು ತುಸು ಎಳೆದು ಬಿಡುತ್ತಿದ್ದರು, ಬಂದವರನ್ನು ಬಾಗಿಲ ತನಕ ಹೋಗಿ ಕಳಿಸಿದ ಹಾಗೆ.

ಇನ್ನೊಂದು, ರಿಸೀವರ್. ಹಳೆಯ ಮಿಲಿಟರಿ ಮಾಲು, ಹಸಿರು ಬಣ್ಣ, ಇಬ್ಬರು ಎತ್ತುವ ಭಾರ. ವಯಸ್ಸಿದ್ದಾಗ ಹೈದರಾಬಾದಿನ ಗುಜರಿಯಿಂದ ರೈಲಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದದ್ದಂತೆ. ಒಂದು ಗುಂಡಿ ಕಳೆದುಹೋಗಿ ಆ ಜಾಗದಲ್ಲಿ ಪೌಡರ್ ಡಬ್ಬಿಯ ಮುಚ್ಚಳ ಕೂತಿತ್ತು. ನನಗೆ ಆ ರಿಸೀವರ್ ಮೇಲೆ ಕಣ್ಣು. ಹನುಮನಹಳ್ಳಿ ಕಡೆ ರೆಸಾರ್ಟ್ ಕಟ್ಟಿದ ಒಬ್ಬ ಪಾರ್ಟಿ ನನಗೆ ಗೊತ್ತಿದ್ದ. ಹಳೆ ಕಂದೀಲು, ಹಿತ್ತಾಳೆ ಕೊಡ, ಬೀಸುಕಲ್ಲು, ಏನೇ ಒಯ್ದರೂ ತಗೊಂಡು ಬೆಟ್ಟ ನೋಡಲು ಬರುವವರ ಕಣ್ಣಿಗೆ ಬೀಳುವಂತೆ ಜೋಡಿಸುತ್ತಿದ್ದ.

"ಛಲೋ ರೇಟ್ ಕೊಡಸ್ತೀನ್ರಿ ಸರ. ಕೌಂಟರ್ ಮ್ಯಾಲೆ ಇಡ್ತಾರ. ಸಾವಿರಾರ್ ಮಂದಿ ನೋಡ್ತಾರ."

"ಚಾಲೂ ಇಡ್ತಾರೇನು?"

"ಇಲ್ರಿ, ಸುಮ್ಮ ಶೋಕ್."

"ಮತ್ತ ಅವರಿಗೆ ಖಾಲಿ ಡಬ್ಬಿ ಸಾಕಲ್ಲ. ನಿಮ್ಮ ಅಂಗಡ್ಯಾಗ ಬೇಕಾದಷ್ಟು ಬಿದ್ದಾವ."

ಮೂರು ವರ್ಷ ಹೀಗೇ ಕೇಳಿದೆ. ಮೂರು ವರ್ಷವೂ ಚಹಾ ಕುಡಿಸಿ ಕಳಿಸಿದರು.

ಒಂದು ದೀಪಾವಳಿಯ ಮುಂಚೆ ಅವರ ಕಣ್ಣಿನ ಪೊರೆ ತೆಗೆಸಲು ಹುಬ್ಬಳ್ಳಿಗೆ ಹೋಗುವುದಿತ್ತು. ಅದೇ ವಾರ ಮನೆಗೆ ಸುಣ್ಣ ಹೊಡೆಯುವವರು ಬರುವವರಿದ್ದರು. ಸುಣ್ಣ ಸಿಡಿದೀತು ಅಂತ ರಿಸೀವರನ್ನು ವಾರದ ಮಟ್ಟಿಗೆ ನನ್ನ ಅಂಗಡಿಯಲ್ಲಿಡಲು ಕೊಟ್ಟರು. "ಹುಷಾರ್ರಿ ಸಾವ್ಕಾರ್ರ" ಅಂದರು, ಅಷ್ಟೇ.

ನಾನು ಉಪಕಾರ ಮಾಡುತ್ತಿದ್ದೇನೆ ಅಂತ ನನಗೆ ನಾನೇ ಹೇಳಿಕೊಂಡೆ. ಈಗ ನಿಜ ಬರೆಯುತ್ತೇನೆ. ರೆಸಾರ್ಟಿನವನಿಗೆ ಒಂದು ಫೋಟೋ ಕಳಿಸಿ ಆಸೆ ಹುಟ್ಟಿಸೋಣ, ಅವನು ದೊಡ್ಡ ರೇಟು ಹೇಳಿದರೆ ಸಾಹೇಬರ ಮನಸ್ಸೂ ಕರಗೀತು ಅನ್ನುವ ಲೆಕ್ಕ ಒಳಗಿತ್ತು. ಫೋಟೋಕ್ಕೆ ಮಾಲು ಹೊಳೆಯಬೇಕಲ್ಲ. ಸೀಮೆಎಣ್ಣೆಯಲ್ಲಿ ಪೆಟ್ಟಿಗೆ ಒರೆಸಿದೆ. ಗುಂಡಿಗಳಿಗೆ ಬ್ರಾಸೋ ಹಚ್ಚಿದೆ. ಕೊನೆಗೆ ಡಯಲ್ಲಿನ ಗಾಜು ಬಿಚ್ಚಿದೆ. ಒಳಗಿನ ಬಿಳಿ ತಗಡಿನ ಮೇಲೆ ಅಂಕಿಗಳ ಸಂದಿಯಲ್ಲಿ ಯಾರೋ ಪೆನ್ಸಿಲಿನಲ್ಲಿ ಸಣ್ಣ ಸಣ್ಣ ಗೆರೆ ಎಳೆದು ಹೊಲಸು ಮಾಡಿದ್ದರು. ಒದ್ದೆ ಅರಿವೆಯಲ್ಲಿ ಎರಡೇ ಸಲ ತಿಕ್ಕಿದ್ದು. ಹಾಲಿನಂತೆ ಬಿಳುಪಾಯಿತು. ಆಮೇಲೆ ಫೋಟೋ ಹೊಡೆದು ರೆಸಾರ್ಟಿನವನಿಗೆ ಕಳಿಸಿದೆ.

ಹುಬ್ಬಳ್ಳಿಯಿಂದ ಕರಿ ಕನ್ನಡಕ ಹಾಕಿಕೊಂಡು ಬಂದರು. ರಿಸೀವರ್ ಮೇಜಿನ ಮೇಲೆ ಕೂತಿತು. ಸ್ವಿಚ್ ಹಾಕಿದರು. ವಾಲ್ವು ಕಾಯುವ ತನಕ ಸುಮ್ಮನೆ ಕೂತರು. ಆಮೇಲೆ ಡಯಲ್ಲಿಗೆ ಮುಖ ಹತ್ತಿರ ತಂದರು, ಕನ್ನಡಕ ತೆಗೆದರು, ಕಣ್ಣು ಒರೆಸಿಕೊಂಡರು, ಮತ್ತೆ ನೋಡಿದರು.

"ಆಪರೇಷನ್ ಸರಿಯಾಗಿಲ್ಲ ಕಾಣ್ತೈತಿ" ಅಂದರು ಅಮ್ಮಾರಿಗೆ. "ಅಂಕಿ ಕಾಣ್ತಾವ, ಗೆರಿ ಕಾಣ್ಸವಲ್ವು."

ನಾನು ಪಕ್ಕದಲ್ಲೇ ನಿಂತು ಶಾಭಾಸ್‌ಗಿರಿಗೆ ಕಾಯುತ್ತಿದ್ದೆ. "ಕಣ್ಣು ಛಲೋನ ಅದಾವ್ರಿ ಸರ. ನಾನ ಸ್ವಚ್ಛ ಮಾಡೀನಿ."

ಅವರ ಆ ಸುಮ್ಮನಿರುವಿಕೆ ಅವತ್ತು ಒಂದು ಉಸಿರಿನದಾಗಿರಲಿಲ್ಲ. ಅಮ್ಮಾರು ಕೈಯಲ್ಲಿದ್ದ ಚಹಾದ ತಟ್ಟೆಯನ್ನು ಹಾಗೇ ಹಿಡಿದು ನಿಂತಿದ್ದರು. ಆಮೇಲೆ ಅವರೇ ಬಿಡಿಸಿ ಹೇಳಿದರು. ಆ ಹಳೆ ಸೆಟ್ಟಿನ ಅಂಕಿಗಳು ಎಂದೋ ಲೆಕ್ಕ ತಪ್ಪಿದ್ದವು. ನಿಜವಾದ ಅಂಕಿ ಅಂದರೆ ಆ ಗೆರೆಗಳೇ. ಒಂದೊಂದು ಗೆರೆ ಒಬ್ಬೊಬ್ಬ ಗೆಳೆಯ ಸಿಗುವ ಜಾಗ, ನಲವತ್ತು ವರ್ಷ ಕೂತು, ದನಿ ಕೇಳಿ ಕೇಳಿ ಹಚ್ಚಿದ್ದು.

ಬಯ್ದಿದ್ದರೆ ಹಗುರಾಗುತ್ತಿತ್ತು. ಅವರು ಬಯ್ಯಲಿಲ್ಲ.

"ನಾಳೆ ಮುಂಜಾನೆ ಆರಕ್ಕ ಬರ್ರಿ. ಬರುವಾಗ ಒಂದು ಪೆನ್ಸಿಲ್ ತರ್ರಿ. ಅಳಿಸಿದವರು ನೀವು, ಹಚ್ಚೋರೂ ನೀವ."

ಹೀಗೆ ಶುರುವಾಯಿತು. ಭಾಗ್ಯನಗರದಲ್ಲಿ ಎಂಟರ ಹೊತ್ತಿಗೆ ಕರೆಂಟಿನ ಮಗ್ಗಗಳು ಚಾಲೂ ಆಗುತ್ತವೆ, ಆಮೇಲೆ ರೇಡಿಯೋದಲ್ಲಿ ಗರಗರ ಬಿಟ್ಟು ಏನೂ ಇಲ್ಲ. ಅಷ್ಟರೊಳಗೆ ಕೆಲಸ ಆಗಬೇಕು. ಅವರು ಕೂದಲೆಳೆಯಷ್ಟು ಗುಂಡಿ ತಿರುಗಿಸುತ್ತಿದ್ದರು, ನಾನು ಗಾಜು ತೆಗೆದ ಡಯಲ್ಲಿನ ಮುಂದೆ ಪೆನ್ಸಿಲ್ ಹಿಡಿದು ಕೂರುತ್ತಿದ್ದೆ. ಮೊದಲು ನನಗೆ ಕೇಳಿಸಿದ್ದು ಬರೀ ಮಳೆ ಹುಯ್ದಂಥ ಸದ್ದು. ನಾಲ್ಕೈದು ದಿನಕ್ಕೆ ಆ ಮಳೆಯೊಳಗೆ ಮನುಷ್ಯರು ಇದ್ದಾರೆ ಅಂತ ಗೊತ್ತಾಯಿತು.

ಮೊದಲು ಸಿಕ್ಕವರು ಗಂಗಾವತಿಯ ಅಕ್ಕಿ ಮಿಲ್ಲೊಂದರ ಎಲೆಕ್ಟ್ರಿಷಿಯನ್. ಅವರೂ ಹ್ಯಾಮ್, ಸಾಹೇಬರ ಕೈಕೆಳಗೆ ಕಲಿತವರು. ವಿಷಯ ತಿಳಿದು ರೇಡಿಯೋದಲ್ಲೇ ನಕ್ಕರು. "ಯಾರ್ರಿ ಅದು, ನಮ್ಮನ್ನೆಲ್ಲಾ ಒಂದ ಅರಿವ್ಯಾಗ ಒರಸಿ ಒಗದಾಂವ?"

"ಇಲ್ಲೇ ಅದಾರ, ಪೆನ್ಸಿಲ್ ಹಿಡಕೊಂಡು ಕುಂತಾರ" ಅಂದರು ಸಾಹೇಬರು.

"ಹಂಗಾರ ನನ್ನ ಗೆರಿ ಸ್ವಲ್ಪ ದಪ್ಪ ಹಚ್ರೀಪಾ."

ಆಮೇಲೆ ಕೇರಳದ ಡಾಕ್ಟರು, ನೀಲಗಿರಿಯ ಚಹಾತೋಟದವರು, ಸಿಂಹಳದ ಒಬ್ಬ ಮಾಸ್ತರು. ಸಾಹೇಬರು ನನ್ನನ್ನೂ ಒಬ್ಬೊಬ್ಬರಿಗೆ ಪರಿಚಯ ಮಾಡಿಸುತ್ತಿದ್ದರು. ನನಗೆ ಲೈಸೆನ್ಸ್ ಇಲ್ಲ, ನಾನು ಮಾತಾಡುವಂತಿರಲಿಲ್ಲ. ಸುಮ್ಮನೆ ಕೇಳುತ್ತಿದ್ದೆ. ಜೀವಮಾನದಲ್ಲಿ ಅಷ್ಟು ಹೊತ್ತು ಬಾಯಿ ಮುಚ್ಚಿ ಕೂತದ್ದು ಅದೇ ಮೊದಲು. ಚಳಿಗಾಲ ಮುಗಿಯುವ ಹೊತ್ತಿಗೆ ಡಯಲ್ಲು ಮುಕ್ಕಾಲು ತುಂಬಿತ್ತು.

ಒಂದು ಗೆರೆ ಮಾತ್ರ ಬರಲಿಲ್ಲ. ದಿನಾ ಸೆಟ್ ಬಂದ್ ಮಾಡುವ ಮೊದಲು ಅವರ ಕೈ ತಾನಾಗಿ ಡಯಲ್ಲಿನ ಎಡತುದಿಯ ಕಡೆ ಹೋಗುತ್ತಿತ್ತು. ಹೋಗಿ, ಎಲ್ಲಿ ನಿಲ್ಲಬೇಕು ಅಂತ ತಿಳಿಯದೆ ಅಲ್ಲೇ ತಡೆಯುತ್ತಿತ್ತು. ಆಮೇಲೆ ಸ್ವಿಚ್ ಆರಿಸುತ್ತಿದ್ದರು.

ಒಂದು ದಿನ ಅವರು ಸ್ನಾನಕ್ಕೆ ಹೋದಾಗ ಅಮ್ಮಾರನ್ನು ಕೇಳಿದೆ.

"ಅದು ಕಾಲುವಿ ಕೆಳಗಿನ ತುದ್ಯಾಗ ಇದ್ದ ಅವರ ಜೋಡಿದಾರಂದ್ರಿ" ಅಂದರು. "ಕಾಲುವಿ ನೀರಿಗೆ ಬಂದು ನೆಲಿಸಿದ ಕ್ಯಾಂಪಿನವರು, ತೆಲುಗು ಮಂದಿ. ಇಬ್ರೂ ಕೂಡೇ ಪರೀಕ್ಷೆ ಕುಂತಿದ್ರು. ದಿನಾ ಆಫೀಸಿನ್ಯಾಗ ಅವರಿಗೆ ನೀರಿನ ಅಳತಿ ಹೇಳೋದು, ಮನಿಗೆ ಬಂದು ಮತ್ತ ಅವರ ಕೂಡನ ಮಾತು. ಅವರು ತೀರಿಕೊಂಡು ಎಂಟು ವರ್ಷಾತು. ಇವರು ಮುಂಜಾನೆ ಆ ಗೆರಿ ಮ್ಯಾಲೆ ಸ್ವಲ್ಪ ಹೊತ್ತು ನಿಂದ್ರತಿದ್ರು. ಏನೂ ಕೇಳ್ಸಂಗಿಲ್ಲ. ನಿಂತು ಬಂದ್ ಮಾಡ್ತಿದ್ರು."

ಉಳಿದ ಗೆರೆಗಳನ್ನು ಹಚ್ಚಬಹುದಿತ್ತು, ಅವರೆಲ್ಲ ಮಾತಾಡುವವರು. ಇವರು ಮಾತಾಡುವುದಿಲ್ಲ. ಹಚ್ಚುವುದು ಹೇಗೆ?

ನಾನು ದಾರಿ ಹುಡುಕದೆ ಬಿಡುವವನಲ್ಲ. ಗಂಗಾವತಿಯ ಎಲೆಕ್ಟ್ರಿಷಿಯನ್ ಹತ್ತಿರ ಯಾವ ಅಂಕಿ ಡಯಲ್ಲಿನ ಎಲ್ಲಿ ಬೀಳುತ್ತದೆ ಅಂತ ತೋರಿಸುವ ಅಳತೆಯ ಮಶೀನು ಇತ್ತು, ಸಾಹೇಬರ ಹಳೆ ಡೈರಿಯಲ್ಲಿ ತೀರಿಹೋದ ಆ ಗೆಳೆಯರು ಸಿಗುತ್ತಿದ್ದ ಅಂಕಿ ಇದ್ದೇ ಇತ್ತು. ಹೋಗಿ ಮಾತಾಡಿ, ಒಂದು ಭಾನುವಾರ ಮಶೀನು ತರುವುದಕ್ಕೆ ಒಪ್ಪಿಸಿ ಬಂದೆ. ಸಾಹೇಬರಿಗೆ ಖುಷಿಯಿಂದ ಹೇಳಿದೆ.

ಅವರು ಕೇಳಿದರು, ಕಾದರು, ಆಮೇಲೆ ಹೇಳಿದರು. "ಅಳತಿ ಮಾಡಿ ಹಚ್ಚಿದ್ರ ಅದು ಬರೀ ಗೆರಿ ಆಗ್ತೈತ್ರಿ. ಅದನ್ನ ಅವನ ದನಿ ಕೇಳಿ ಹಚ್ಚಿದ್ದೆ. ಇರ್ಲಿ ಬಿಡ್ರಿ."

ಬಿಟ್ಟೆ. ನಲವತ್ತು ವರ್ಷದ ವ್ಯಾಪಾರದಲ್ಲಿ ಬದಲಿ ಸಾಮಾನು ಕೊಡಲಾಗದೆ ನಾನು ಸೋತದ್ದು ಅದೊಂದೇ. ಹಳೆ ಸಾಮಾನಿನ ಧಂದೆಗೆ ಬರುವವರಿಗೆ ಈಗ ಬೇರೆ ಪಾಠ ಹೇಳುತ್ತೇನೆ. ಒರೆಸುವ ಮೊದಲು ಒಂದು ಫೋಟೋ ತೆಗೆಯಿರಿ. ನಾನು ಹೊಳಪು ಬಂದ ಮೇಲೆ ತೆಗೆದೆ. ಆ ಫೋಟೋ ಈಗಲೂ ಮೊಬೈಲಿನಲ್ಲಿದೆ. ಡಯಲ್ಲು ಹಾಲಿನಂತೆ ಬೆಳ್ಳಗಿದೆ.

ಮುಂಜಾನೆ ಹೋಗುವುದು ಮಾತ್ರ ನಿಲ್ಲಲಿಲ್ಲ. ಗೆರೆ ಹಚ್ಚುವ ಕೆಲಸ ಮುಗಿದ ಮೇಲೂ ಹೋದೆ, ಚಹಾ ಕುಡಿದೆ, ಕೇಳಿದೆ. ಅವರು ವರ್ಷದಿಂದ ವರ್ಷಕ್ಕೆ ಬೇಸರಪಡುತ್ತಿದ್ದದ್ದು ಒಂದಕ್ಕೇ. "ಮನಿಮನಿಗೆ ಎಲ್‌ಇಡಿ ಬಲ್ಬು, ಚಾರ್ಜರು. ಆಕಾಶ ಭಾಳ ಗದ್ದಲ ಆಗೈತ್ರಿ. ದೂರದವರು ಕೇಳ್ಸವಲ್ರು." ಗೋಡೆಗೆ ಹೊಸ ಕಾರ್ಡು ಬರುವುದು ಕಡಿಮೆಯಾಗಿತ್ತು. ಕೇರಳದ ಡಾಕ್ಟರ ಗೆರೆಯ ಮೇಲೆ ನಿಂತರೂ ದನಿ ಬರದ ದಿನಗಳು ಬಂದವು. ಅದನ್ನು ಅಳಿಸಲಿಲ್ಲ.

ಕಳೆದ ವರ್ಷ ಅವರು ಹಾಸಿಗೆ ಹಿಡಿದರು. ಹೇಗಿದೀರಿ ಸರ ಅಂತ ಕೇಳಿದೆ. ಎರಡು ಬೆರಳು ತೋರಿಸಿದರು. "ಐದು, ಎರಡು. ಮಾತು ತಿಳೀತೈತಿ. ದನಿ ಇಲ್ಲ." ಕಣ್ಣಲ್ಲಿ ನಗು ಇತ್ತು. ಒಂದು ವಾರದ ಮೇಲೆ ಹೋದರು.

ಹ್ಯಾಮ್‌ಗಳು ತಮ್ಮವರು ತೀರಿಕೊಂಡರೆ ಸತ್ತರು ಅನ್ನುವುದಿಲ್ಲ, 'ಸೈಲೆಂಟ್ ಕೀ' ಅನ್ನುತ್ತಾರೆ. ಒತ್ತುವ ಕೀಲಿ ಸುಮ್ಮನಾಯಿತು ಅಂತ. ಮರುದಿನ ಮುಂಜಾನೆ ಅಮ್ಮಾರನ್ನು ಕೇಳಿ ರಿಸೀವರ್ ಹಾಕಿದೆ. ಗಂಗಾವತಿಯವರು ಸಾಹೇಬರ ಆಕಾಶದ ಹೆಸರನ್ನು ಮೂರು ಸಲ ಕರೆದರು. ಪ್ರತಿ ಸಲವೂ ಕರೆದು ಕಾದರು. ಎಲ್ಲರೂ ಕಾದರು. ಎದುರಿನವರಿಗೆ ಮಾತು ಮುಗಿಸಲು ಬಿಡುವ ಅದೇ ಸುಮ್ಮನಿರುವಿಕೆ. ಮೂರನೆಯ ಸಲ ಆದ ಮೇಲೆ ಒಬ್ಬೊಬ್ಬರಾಗಿ ಸರಿದು ಹೋದರು.

ದಿನಕರ್ಮಗಳೆಲ್ಲ ಮುಗಿದ ಮೇಲೆ ಅಮ್ಮಾರು ಕರೆಸಿದರು. ಟ್ರಾನ್ಸ್‌ಮಿಟರನ್ನು ಲೈಸೆನ್ಸ್ ಇದ್ದವರಿಗೇ ಕೊಡಬೇಕು, ಅದು ಕಾಯ್ದೆ. ಅದು ಗಂಗಾವತಿಯವರಿಗೆ ಹೋಗಬೇಕು ಅಂತ ಸಾಹೇಬರು ಬರೆದಿಟ್ಟಿದ್ದರು. ರಿಸೀವರ್ ನನಗೆ.

"ಒಂದು ಮಾತು ಹೇಳಂತ ಹೇಳ್ಯಾರ್ರಿ" ಅಂದರು ಅಮ್ಮಾರು, ಸೆರಗು ಬಾಯಿಗೆ ಹಿಡಿದು. ಅಳುತ್ತಿದ್ದಾರೆ ಅಂದುಕೊಂಡೆ, ನಗುತ್ತಿದ್ದರು. "ಸಾವ್ಕಾರ್ರಿಗೆ ಕೊಡು, ಒರಸಬ್ಯಾಡ್ರಿ ಅಂತ ಹೇಳು."

ರೆಸಾರ್ಟಿನವನು ಹೋದ ತಿಂಗಳು ಅಂಗಡಿಗೆ ಬಂದಿದ್ದ. ಹಳೆಯ ಫೋಟೋ ಅವನ ಹತ್ತಿರ ಇನ್ನೂ ಇತ್ತು. ಒಳಕೋಣೆಯಲ್ಲಿ ಮಾಲು ನೋಡಿದ, ರೇಟು ಹೇಳಿದ. ನಾನು ಸುಮ್ಮನಿದ್ದೆ. ಏರಿಸಿದ. ಸುಮ್ಮನಿದ್ದೆ. ಮತ್ತೆ ಏರಿಸಿದ. ವ್ಯಾಪಾರಕ್ಕೆ ಸುಮ್ಮನಿದ್ದೇನೆ ಅಂತ ಅವನು ತಿಳಿದಿದ್ದ. ಕೊನೆಗೆ, "ಇದರಾಗ ಗೀಚ್ಯಾರಲ್ರಿ, ಒರಸಿ ಕೊಡ್ತೀರೇನು" ಅಂದ. ಮಾರಾಟದ್ದಲ್ಲ ಅಂತ ಹೇಳಿ ಅವನಿಗೊಂದು ಹಿತ್ತಾಳೆ ಹಂಡೆ ತೋರಿಸಿದೆ. ಅದನ್ನು ಒಯ್ದ.

ಈಗ ಅಂಗಡಿಯ ಒಳಕೋಣೆಯಲ್ಲಿ ದಿನಾ ಆರಕ್ಕೆ ಸ್ವಿಚ್ ಹಾಕುತ್ತೇನೆ. ಮಾಳಿಗೆಯ ಮೇಲೆ ನನ್ನದೂ ಒಂದು ತಂತಿ ಇದೆ. ನನ್ನ ಮನೆಯವಳು ಅದರ ಮೇಲೆ ಟವೆಲ್ ಹಾಕುತ್ತಾಳೆ, ಒಣಗುವ ತನಕ ಕಾಯುತ್ತೇನೆ. ಸಾಹೇಬರ ಗೆರೆ ಡಯಲ್ಲಿನಲ್ಲಿ ಇರಲೇ ಇಲ್ಲ, ತಮ್ಮ ಮನೆಯ ದಾರಿಗೆ ಯಾರು ಗುರುತು ಹಾಕಿಕೊಳ್ಳುತ್ತಾರೆ?

ಹೋದ ವಾರ ಎಡತುದಿಯಿಂದ ತುಸು ಈಚೆ ಗುಂಡಿ ತಿರುಗಿಸುತ್ತಿದ್ದೆ. ಗುಬ್ಬಿ ಕೊಂಕಿತು. ಚಿಂವ್, ಚಿಂವ್. ಅದೇ ಹರಳು, ಅದೇ ಊನ. ಕೈ ತಾನಾಗಿ ನಿಂತಿತು. ಗಂಗಾವತಿಯವರು ಸಾಹೇಬರ ಸೆಟ್ಟನ್ನು ಮೊದಲ ಸಲ ಚಾಲೂ ಮಾಡಿದ್ದರು. ರಿಪೇರಿ ಮಾಡಿರಲಿಲ್ಲ. ಕೊನೆಯ ಸದ್ದು ಬರುವ ತನಕ ಉಸಿರು ಹಿಡಿದು ಕೂತೆ. ಬಂತು. ಚೊಕ್ಕಾಗಿ, ಕತ್ತರಿಸಿದ ಹಾಗೆ ನಿಂತುಬಿಟ್ಟಿತು. ಬಾಗಿಲ ತನಕ ಯಾರೂ ಬರಲಿಲ್ಲ.

ಗಾಜು ತೆಗೆದು ಆ ಜಾಗದಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಹಚ್ಚಿದೆ. ಕೇಳಿ ಹಚ್ಚಿದ್ದು.

ಆಮೇಲೆ ಅದರಾಚೆ, ಗೆರೆ ಇಲ್ಲದ ಆ ಎಡತುದಿಗೆ ಹೋದೆ. ಎಲ್ಲಿ ನಿಲ್ಲಬೇಕು ಅಂತ ನನಗೂ ಗೊತ್ತಿಲ್ಲ. ಈಗ ದಿನಾ ಸುಮಾರಾಗಿ ಒಂದು ಕಡೆ ನಿಲ್ಲುತ್ತೇನೆ, ಮಗ್ಗ ಶುರುವಾಗುವ ತನಕ.